ನಿವಾಳಿಸಿದ ಬೆಕ್ಕು

ನಾನು ಎಲ್ಲಿ ಕೂತರೂ ಅಲ್ಲೇ ಏನಾದರೊಂದು ನಡೆದುಬಿಡುತ್ತದೆ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಗದಗಿನಲ್ಲಿದ್ದಾಗ ಕಟ್ಟೆಯ ಮೇಲೆ ಸುಮ್ಮನೆ ಕೊತ್ತಂಬರಿ ಬಿಡಿಸುತ್ತ ಕೂತರೂ ಎದುರು ಮನೆಯ ಜಗಳ ತಾನಾಗಿ ಎದ್ದು ಬೀದಿಗೆ ಬರುತ್ತಿತ್ತು. ಮಗಳು ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಕರೆದುಕೊಂಡು ಬಂದ ದಿನವೇ ಹೇಳಿದ್ದಳು: ‘ಯವ್ವಾ, ಇಲ್ಲಿ ಯಾರೂ ಯಾರ ಮನೀ ಉಸಾಬರಿಗೂ ಹೋಗೂದಿಲ್ಲ. ನೀನೂ ಬಾಯಿ ಮುಚ್ಚಿಕೊಂಡಿರು.’

ಇರಲಿ ಅಂತ ಇದ್ದೆ. ಆದರೆ ಇದೆಂಥ ಊರು ಅನ್ರಿ! ರವಿವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿ ಡಬ್ಬಕ್ಕೆ ಹಾಕುವಂತಿಲ್ಲ, ಸಪ್ಪಳ ಆಗುತ್ತದಂತೆ. ಅಡಿಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ನಾನು ನಡೆದು ನಡೆದು ಚಪ್ಪಲಿ ಸವೆದವು. ಓದಿಕೊಂಡು ಹೊತ್ತು ಕಳೆಯೋಣ ಅಂದರೆ ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಇನ್ನು ಸ್ವಲ್ಪ ದಿನ ಹೀಗೇ ಆಗಿದ್ದರೆ ನನ್ನ ನಾಲಿಗೆಗೆ ತುಕ್ಕು ಹಿಡಿಯುತ್ತಿತ್ತು. ಆದರೆ ದೇವರು ದೊಡ್ಡವನು. ನನಗೆ ಇಂಥಾ ಅಳಿಯನನ್ನು ಕೊಟ್ಟಿದ್ದ.

೧. ಬಾಗಿಲ ಮೇಲಿನ ಮುಖ

ಅಳಿಯ ಬಾಗಲಕೋಟೆ ಕಡೆಯವನು, ಕಾರು ಕಂಪನಿಯಲ್ಲಿ ಎಂಜಿನಿಯರ್. ಹಗಲೆಲ್ಲ ಬ್ರೇಕು ಪರೀಕ್ಷೆ ಮಾಡುತ್ತಾನೆ. ಸಂಜೆ ಮನೆಗೆ ಬಂದ ಮೇಲೆ ಅವನಿಗೇ ಬ್ರೇಕು ಇರುವುದಿಲ್ಲ. ಕಾಗದದ ದೆವ್ವ ಕೂಡಿಡುವುದು ಅವನ ಹುಚ್ಚು.

ನೂರು ವರ್ಷದ ಹಿಂದೆ ಅಮೆರಿಕದವರು ಹ್ಯಾಲೋವೀನ್ ಅಂತ ದೆವ್ವದ ಹಬ್ಬ ಮಾಡುತ್ತಿದ್ದರಂತೆ. ಅದಕ್ಕೆ ಬೇಕಾದ ರಟ್ಟಿನ ಮಾಟಗಾತಿ, ಗೂಬೆ, ಹಲ್ಲು ಕಿರಿದ ಕುಂಬಳಕಾಯಿ ಎಲ್ಲ ಇಲ್ಲಿ ಜರ್ಮನಿಯಲ್ಲಿ ತಯಾರಾಗಿ ಹಡಗು ಹತ್ತಿ ಹೋಗುತ್ತಿದ್ದವಂತೆ. ಇಲ್ಲಿಯವರಿಗೆ ಆಗ ಆ ಹಬ್ಬವೇ ಗೊತ್ತಿರಲಿಲ್ಲ. ಹಾಗಾಗಿ ಹುಟ್ಟಿದ ಊರಿನಲ್ಲೇ ಅವು ಈಗ ಸಿಗುವುದಿಲ್ಲ. ಸಿಗುವುದಿಲ್ಲ ಅಂದಮೇಲೆ ಹುಡುಕುವುದೇ ಕೆಲಸ.

ನಾನು ಬಂದ ದಿನ ನನಗೆ ಕೊಟ್ಟಿದ್ದು ಅವೇ ತುಂಬಿದ ಕೋಣೆ. ವಿಮಾನದ ಆಯಾಸಕ್ಕೆ ಮಧ್ಯಾಹ್ನ ಒಂದು ನಿದ್ದೆ ತೆಗೆದು ಕಣ್ಣು ಬಿಟ್ಟರೆ ಗೋಡೆ ತುಂಬ ದೆವ್ವಗಳು ನನ್ನನ್ನೇ ನೋಡುತ್ತಿವೆ. ನಾನು ಹೆದರಲಿಲ್ಲ. ನನ್ನ ಅತ್ತೆಯ ಜೊತೆ ಸಂಸಾರ ಮಾಡಿದವಳು ನಾನು. ಆದರೆ ಒಂದು ವಿಚಾರ ಬಂತು. ಹೊಸ ಮನೆ, ಕಂಪನಿ ಕಾರು, ಇಬ್ಬರಿಗೂ ಕೆಲಸ. ನಾಲ್ಕು ಮಂದಿಯ ಕಣ್ಣು ಬೀಳದೆ ಇರುತ್ತದೆಯೇ? ಬಾಗಿಲಿಗೆ ಒಂದು ದೃಷ್ಟಿಗೊಂಬೆಯೂ ಇಲ್ಲ. ಅಳಿಯ ದೃಷ್ಟಿಗೊಂಬೆಗಳನ್ನೆಲ್ಲ ತಂದಿದ್ದಾನೆ, ಪಾಪ, ಎಲ್ಲಿ ಕಟ್ಟಬೇಕು ಅನ್ನುವುದು ಗೊತ್ತಿಲ್ಲದೆ ಮನೆಯೊಳಗೆ ಹಾಕಿಕೊಂಡಿದ್ದಾನೆ ಅಂದುಕೊಂಡೆ. ನಾಲಿಗೆ ಚಾಚಿದ ಒಂದು ಕೆಂಪು ಮುಖ ತೆಗೆದು, ಹಣೆಗೆ ಕುಂಕುಮ ಹಚ್ಚಿ, ಹೊರಬಾಗಿಲಿಗೆ ಟೇಪು ಹಾಕಿ ಅಂಟಿಸಿದೆ.

ಅಳಿಯ ಆಫೀಸಿನಿಂದ ಬಂದವನು ಬಾಗಿಲ ಮುಂದೆಯೇ ಕಲ್ಲಾಗಿ ನಿಂತ.

‘ಚೊಲೋ ಕಾಣತೈತಿಲ್ಲೋ?’ ಅಂದೆ.

‘ಅತ್ತೀ,’ ಅಂದ, ಸಣ್ಣ ದನಿಯಲ್ಲಿ, ‘ಇಂಥಾದ್ದು ಇಡೀ ದೇಶದಾಗ ಮತ್ತೊಂದು ನಾ ನೋಡಿಲ್ಲ.’

‘ಅದಕ್ಕೇ ಹೊರಗ ಹಾಕೀನಿ. ಒಳಗಿದ್ರ ಯಾರು ನೋಡ್ತಾರ?’

ಕಿವಿಯ ಕಡ್ಡಿಗೆ ಹತ್ತಿ ಸುತ್ತಿಕೊಂಡು ಆ ಕುಂಕುಮ ಒರೆಸುತ್ತ ಸಂಜೆಯೆಲ್ಲ ಕೂತ. ಪೂರ್ತಿ ಹೋಗಲಿಲ್ಲ. ಈಗ ಅದನ್ನು ನೋಡಲು ಬಂದವರು ಹಣೆಯ ಮೇಲೆ ಇದೇನು ಗುರುತು ಅಂತ ಕೇಳಿದರೆ ಅಳಿಯ ಕಣ್ಣು ತಗ್ಗಿಸಿ, ‘ಒರಿಜಿನಲ್ ಬಣ್ಣ’ ಅನ್ನುತ್ತಾನೆ.

೨. ಶನಿವಾರದ ಹೂಗುಚ್ಛ

ಇಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ಒಂದು ಫೋನ್ ಗುಂಪು ಇದೆ. ಎಲ್ಲರೂ ಹುಬ್ಬಳ್ಳಿ, ಧಾರವಾಡ, ವಿಜಯಪುರ ಕಡೆಯವರು. ನನ್ನನ್ನು ಸೇರಿಸಿದ ಮೇಲೆ ಅದಕ್ಕೆ ಜೀವ ಬಂತು ಅಂತ ಅವರೇ ಹೇಳುತ್ತಾರೆ. ಒಂದು ದಿನ ಅದರಲ್ಲೊಬ್ಬಳು ನನಗೆ ಮಾತ್ರ ಫೋನು ಮಾಡಿದಳು.

‘ಕಾಕೂ, ಹೇಳಬಾರದು, ಆದರೂ ಹೇಳ್ತೀನಿ. ನಿಮ್ಮ ಅಳಿಯಂದಿರನ್ನ ಬಸ್ಸಿನ ಕಿಟಕಿಯಿಂದ ನೋಡಿದೆ. ಕೈಯಾಗ ಹೂವು. ಮತ್ತೊಂದು ಕೈಯಾಗ ಕೇಕಿನ ಡಬ್ಬಿ. ನಿಮ್ಮ ಎದುರು ಬಿಲ್ಡಿಂಗಿನೊಳಗ ಹೋದ್ರು.’

‘ಯಾರ ಮನಿಗೆ?’

‘ಅದನ್ನ ನೀವ ಹೇಳಬೇಕು.’

ನೋಡ್ರಿ, ನನ್ನ ಮೈಯಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಓಡಾಡಿತು. ಮಗಳ ಸಂಸಾರ ಅನ್ನುವ ಸಂಕಟ ಒಂದು ಕಡೆ. ಆದರೆ ಖರೇ ಹೇಳುತ್ತೇನೆ, ಆ ಸಂಕಟದ ಜೊತೆಗೆ ಒಂದು ಹುಮ್ಮಸ್ಸೂ ಇತ್ತು. ಎದುರು ಬಿಲ್ಡಿಂಗಿನಲ್ಲಿ ಒಬ್ಬಂಟಿ ಜರ್ಮನ್ ಹೆಂಗಸು ಇದ್ದಾಳೆ ಅನ್ನುವುದು ಮಾತ್ರ ನನಗೆ ಗೊತ್ತಿತ್ತು. ಉಳಿದದ್ದನ್ನು ನಾನೇ ಪೂರ್ತಿ ಮಾಡಿಕೊಂಡೆ. ಮುಂದಿನ ಶನಿವಾರದೊಳಗೆ ಏಳೆಂಟು ಮನೆಯವರಿಗೆ ಆಕೆಯ ಕೂದಲಿನ ಬಣ್ಣ ಬಂಗಾರದ್ದು, ತೊಡುವುದು ಮೊಣಕಾಲ ಮೇಲಿನದ್ದು, ವಯಸ್ಸು ಇಪ್ಪತ್ತೈದು ದಾಟಿಲ್ಲ ಅನ್ನುವುದೆಲ್ಲ ತಿಳಿದಿತ್ತು.

ಶನಿವಾರ ಅಳಿಯ ಹೂವು ಹಿಡಿದು ಹೊರಟ. ಮಗಳು ಅಂಗಡಿಗೆ ಹೋಗಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಸ್ವೆಟರ್ ಏರಿಸಿ, ಸೆರಗು ಬಿಗಿದು ಪಾರ್ಕಿಂಗ್ ದಾಟಿ ಹೋಗಿ ಗಂಟೆ ಒತ್ತಿದೆ. ಗಂಟೆ ಒತ್ತಲು ಯಾವ ಭಾಷೆಯೂ ಬೇಕಾಗಿಲ್ಲ.

ಬಾಗಿಲು ತೆರೆದದ್ದು ಎಂಬತ್ತು ದಾಟಿದ ಮುದುಕಿ. ನಾಲ್ಕು ಗಾಲಿಯ ನಡೆಗಾಡಿ ಹಿಡಿದು ನಿಂತಿದ್ದಾಳೆ. ಕೂದಲು ಹತ್ತಿಯ ಹಾಗೆ ಬೆಳ್ಳಗೆ. ಆಕೆಯ ಹಿಂದೆ ನನ್ನ ಅಳಿಯ ಕುರ್ಚಿಯ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದಾನೆ. ಆ ಕುರ್ಚಿ ಅಲುಗಾಡದ ಹಾಗೆ ಹಿಡಿದುಕೊಂಡು ಇನ್ನೊಬ್ಬ ಗಂಡಸು ನಿಂತಿದ್ದಾನೆ, ಕನ್ನಡಕದವನು. ನನ್ನನ್ನು ನೋಡಿ, ‘ಬನ್ನಿ ಅಮ್ಮ, ಒಳಗೆ ಬನ್ನಿ, ಚಳಿ’ ಅಂದ. ಮೈಸೂರಿನವನು. ಉಂಟರ್‌ಫ್ಯೋರಿಂಗ್ ಅನ್ನುವ ದೂರದ ಊರಿನಲ್ಲಿ ಸಾಫ್ಟ್‌ವೇರ್ ಕೆಲಸವಂತೆ. ಅವನಿಗೂ ಅದೇ ಕಾಗದದ ಹುಚ್ಚು.

ಮನೆಗೆ ಬಂದ ಮೇಲೆ ಫೋನು ಮೇಲಿಂದ ಮೇಲೆ ಬಡಿಯಿತು. ‘ಕಾಕೂ, ಹೋಗಿದ್ರೇನು? ನೋಡಿದ್ರೇನು?’ ಅಷ್ಟೂ ಮಂದಿ ಉಸಿರು ಬಿಗಿಹಿಡಿದು ಕಾದಿದ್ದಾರೆ. ಅವರ ಬಾಯಿಗೆ ಒಂದು ಮುದುಕಿಯನ್ನು ಹಾಕಲು ನನಗೆ ಮನಸ್ಸಾಗಲಿಲ್ಲ.

‘ನೋಡಿದೆ,’ ಅಂದೆ. ‘ಇಬ್ಬರದಾರ.’

೩. ಕಸ

ಮುದುಕಿಯ ಹತ್ತಿರ ಇದ್ದದ್ದು ಒಂದು ಬೆಕ್ಕು. ಜೀವದ ಬೆಕ್ಕಲ್ಲ, ಕಾಗದದ್ದು. ಕರೀ ರಟ್ಟಿನದು, ಬೆನ್ನು ಕಮಾನಿನ ಹಾಗೆ ಎತ್ತಿಕೊಂಡು, ಬಾಲ ನೆಟ್ಟಗೆ ಮಾಡಿಕೊಂಡು ನಿಂತಿದೆ. ಹೊಟ್ಟೆಗೆ ಕಿತ್ತಳೆ ಬಣ್ಣದ ತೆಳು ಕಾಗದ; ಬಿಚ್ಚಿದರೆ ಜೇನುಗೂಡಿನ ಹಾಗೆ ಅರಳುತ್ತದೆ, ಮುಚ್ಚಿದರೆ ಚಪ್ಪಟೆ. ಮುದುಕಿಯ ಅಪ್ಪ ಇಂಥವನ್ನು ತಯಾರು ಮಾಡುವ ಕಾರಖಾನೆಯಲ್ಲಿ ಕೆಲಸಕ್ಕಿದ್ದನಂತೆ. ಅಣ್ಣತಮ್ಮ ಬೆಕ್ಕುಗಳೆಲ್ಲ ಅಮೆರಿಕಕ್ಕೆ ಹೋದವು, ಮಾದರಿಗೆಂದು ಇಟ್ಟುಕೊಂಡ ಇದೊಂದು ಉಳಿಯಿತು.

ಮುದುಕಿ ಆ ಮನೆ ಬಿಟ್ಟು ಆಲ್ಟರ್ಸ್‌ಹೈಮ್‌ಗೆ, ಅಂದರೆ ವೃದ್ಧರ ಮನೆಗೆ ಹೋಗುವವಳಿದ್ದಳು. ಹೋಗುವ ಮುಂಚೆ ಬೆಕ್ಕನ್ನು ಇವರಿಬ್ಬರಲ್ಲಿ ಒಬ್ಬರಿಗೆ ಕೊಡುತ್ತೇನೆ ಅಂದಿದ್ದಳು. ಯಾರಿಗೆ ಅಂದರೆ, ‘ನೋಡೋಣ’ ಅನ್ನುತ್ತಿದ್ದಳು. ರೊಕ್ಕ ಬೇಡವೇ ಬೇಡವಂತೆ.

ಈ ‘ನೋಡೋಣ’ ಇಬ್ಬರು ಗಂಡಸರಿಗೂ ಹುಚ್ಚು ಹಿಡಿಸಿತ್ತು. ರೊಕ್ಕ ಕೇಳಿದ್ದರೆ ಕೊಟ್ಟು ಮುಗಿಸುತ್ತಿದ್ದರು. ಈಗ ಸೇವೆ ಮಾಡಬೇಕಾಯಿತು. ಅಳಿಯ ಹೂವು ಒಯ್ದರೆ ಮೈಸೂರಿನವನು ಕೂಖೆನ್ ತರುತ್ತಿದ್ದ; ಕೂಖೆನ್ ಅಂದರೆ ಇಲ್ಲಿಯ ಕೇಕು. ಅವನು ಕರ್ಟನ್ ಒಗೆಸಿದರೆ ಇವನು ಕಿಟಕಿ ಒರೆಸುತ್ತಿದ್ದ. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು ಆಕೆಯ ಪರದೆ ತೂಗುಹಾಕುವ ಆ ಮೈಸೂರಿನವನು ತನ್ನ ಮನೆಯಲ್ಲಿ ಕುಡಿದ ಲೋಟ ಎತ್ತಿಡುತ್ತಿರಲಿಲ್ಲ ಅಂತ ಆಮೇಲೆ ಅವನ ಹೆಂಡತಿಯೇ ನನಗೆ ಹೇಳಿದಳು.

ಒಂದು ದಿನ ನಾನೂ ಮಗಳೂ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಕೆಳಗೆ ನೋಡಿದರೆ ಇಬ್ಬರೂ ಮುದುಕಿಯ ಕಸದ ಚೀಲ ಹಿಡಿದು ಜಗ್ಗಾಡುತ್ತಿದ್ದಾರೆ.

‘ಬಿಡ್ರಿ ಸರ್, ನಾ ಹಾಕ್ತೀನಿ.’

‘ಅಯ್ಯೋ, ಬೇಡಿ ಸರ್. ತಾವು ಹೋದ್ ವಾರ ಹಾಕಿದ್ರಿ.’

‘ನಂದು ಎದುರಿಗೇ ಮನಿ ಐತ್ರಿ, ನೀವು ದೂರದವ್ರು.’

‘ದೂರದಿಂದ ಬಂದಿರೋದೇ ಇದಕ್ಕೆ ಅಲ್ವಾ ಸಾರ್.’

ಕಡೆಗೆ ಹಂಚಿಕೊಂಡರು. ಕಾಗದದ ಕಸ ಅಳಿಯನಿಗೆ, ಹಸಿ ಕಸ ಮೈಸೂರಿಗೆ. ಅಳಿಯ ಒಂದೊಂದೇ ರಟ್ಟು ಮಡಿಸಿ, ಟೇಪು ಕಿತ್ತು, ನೀಟಾಗಿ ನೀಲಿ ಡಬ್ಬಕ್ಕೆ ಹಾಕುತ್ತಿದ್ದ.

ಮಗಳ ಕೈಯಲ್ಲಿದ್ದ ಕ್ಲಿಪ್ಪು ಅಲ್ಲೇ ನಿಂತಿತು. ಹೂವಿನ ಸುದ್ದಿ ಕೇಳಿದಾಗ ನಕ್ಕವಳು ಅವಳು. ಕೇಕಿನ ಸುದ್ದಿ ಕೇಳಿದಾಗಲೂ ಏನೂ ಅಂದಿರಲಿಲ್ಲ. ಈಗ ಮುಖ ಕೆಂಪಾಯಿತು.

‘ಯವ್ವಾ, ಲಗ್ನ ಆದಾಗಿಂದ ನಾ ಬಡಕೊಂಡೀನಿ. ಒಂದ ಸಲ, ಒಂದೇ ಒಂದ ಸಲ ಈ ಮನಷಾ ನನ್ನ ಕಸ ಒಯ್ದಿಲ್ಲ. ಮತ್ತೊಬ್ಬಾಕಿ ಕಸ ಒಯ್ಯಾಕತ್ತಾನ. ಅದೂ ಟೇಪು ಕಿತ್ತು!’

ಅಂದು ರಾತ್ರಿ ಊಟಕ್ಕೆ ಅಳಿಯನ ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

೪. ನನ್ನ ಮುಖದ ಬೆಲೆ

ರವಿವಾರ ಫ್ಲೋಮಾರ್ಕ್ಟ್ ನಡೆಯುತ್ತದೆ, ಹಳೇ ಸಾಮಾನಿನ ಸಂತೆ. ಅಳಿಯ ನನ್ನನ್ನೂ ಕರೆದುಕೊಂಡು ಹೋದ. ಅತ್ತೆಗೆ ಹೊತ್ತು ಹೋಗಲಿ ಅಂತಲ್ಲ, ಮಗಳು ಮಾತಾಡುವುದು ಬಿಟ್ಟಿದ್ದಳು, ಅವನಿಗೂ ಯಾರಾದರೂ ಬೇಕಿತ್ತು.

ದಾರಿಯಲ್ಲಿ ಪಾಠ ಹೇಳಿಕೊಟ್ಟ. ‘ಅತ್ತೀ, ನಮಗ ಬೇಕಾದ್ದನ್ನ ನೋಡಬಾರದು. ಬಾಜೂಕಿಂದು ನೋಡಬೇಕು. ಕಣ್ಣು ಬಿತ್ತು ಅಂದ್ರ ಮಾರಾಂವಗ ಗೊತ್ತಾಗಿಬಿಡತೈತಿ.’

ಇಷ್ಟು ದಿನ ದೃಷ್ಟಿ ಅಂದರೆ ನಗುತ್ತಿದ್ದ ಮನುಷ್ಯ! ಕಣ್ಣು ಬಿದ್ದರೆ ಕೆಡುತ್ತದೆ ಅನ್ನುವುದು ನಾನು ಹೇಳಿದರೆ ಮೂಢನಂಬಿಕೆ, ಇವರು ಹೇಳಿದರೆ ವ್ಯಾಪಾರ.

ಒಂದು ಅಂಗಡಿಯಲ್ಲಿ ರಟ್ಟಿನ ಗೂಬೆ ಇತ್ತು. ಅಳಿಯ ಪಕ್ಕದ ಇಸ್ತ್ರಿಪೆಟ್ಟಿಗೆಯನ್ನು ಭಕ್ತಿಯಿಂದ ನೋಡುತ್ತ ನಿಂತ. ನಾನು ಗೂಬೆ ಎತ್ತಿ ಮುಖ ಸಿಂಡರಿಸಿ, ‘ಥೂ, ಇದರ ಮಾರಿ ಸುಡಲಿ’ ಅಂದೆ. ನನಗೆ ಅನಿಸಿದ್ದನ್ನೇ ಅಂದದ್ದು. ಮಾರುವವನಿಗೆ ಕನ್ನಡ ಬರದಿದ್ದರೇನು, ಮುಖ ಬಂತು. ಅರ್ಧಕ್ಕೆ ಇಳಿಸಿದ. ಆಮೇಲೆ ಅಳಿಯ ನನ್ನನ್ನು ಬಿಟ್ಟು ಸಂತೆಗೆ ಹೋಗಿದ್ದೇ ಇಲ್ಲ.

ನನ್ನ ಯಜಮಾನರು ಬದುಕಿದ್ದಾಗ ಈ ಮುಖ ನೋಡಿ ಬೇಸರ ಮಾಡಿಕೊಳ್ಳುತ್ತಿದ್ದರು. ಯಾವ ದೇಶದಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಅವರಿಗೇನು ಗೊತ್ತು.

೫. ಪಾರ್ಕಿಂಗಿನಲ್ಲಿ ಆಯುಧ ಪೂಜೆ

ಮಹಾನವಮಿ ಬಂತು. ನಮ್ಮ ಕಡೆಯವರೆಲ್ಲ ಕಾರು ತಂದು ಪಾರ್ಕಿಂಗಿನಲ್ಲಿ ಸಾಲಾಗಿ ನಿಲ್ಲಿಸಿ ಪೂಜೆ ಮಾಡುವುದು ಇಲ್ಲಿಯ ಪದ್ಧತಿ. ಹೋದ ವರ್ಷ ಬೂದಗುಂಬಳ ಸಿಗಲಿಲ್ಲ ಅಂತ ಇಲ್ಲಿಯ ಕಿತ್ತಳೆ ಕುಂಬಳಕಾಯಿ ತಂದು, ಕುಂಕುಮ ತುಂಬಿ ಒಡೆದಿದ್ದರಂತೆ. ಮಾರನೆಯ ದಿನ ಬಿಲ್ಡಿಂಗು ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು ಆ ಕೆಂಪು ನೋಡಿ ಯಾರೋ ಯಾರನ್ನೋ ಕೊಂದಿದ್ದಾರೆ ಅಂದುಕೊಂಡನಂತೆ. ಬೀಜ ತುಳಿದು ತಾನೂ ಜಾರಿ ಬಿದ್ದನಂತೆ. ಹಾಗಾಗಿ ಈ ವರ್ಷ ಕುಂಬಳಕಾಯಿ ಬಂದ್. ಬರೀ ನಿಂಬೆಹಣ್ಣು, ಅದೂ ಗಾಲಿಯ ಕೆಳಗೆ ಇಟ್ಟು ಚಪ್ಪಟೆಯಾದ ಮೇಲೆ ತಾವೇ ಎತ್ತಿ ಹಸಿ ಕಸಕ್ಕೆ ಹಾಕಬೇಕು.

ದೃಷ್ಟಿ ತೆಗೆಯುವ ಕೆಲಸ ನನಗೆ ಬಂತು. ಕಾರಿಗೆ ತೆಗೆದೆ, ಮಕ್ಕಳಿಗೆ ತೆಗೆದೆ. ಗಂಡಸರು ಆಫೀಸಿಗೆ ಹೊರಟರು. ಎದುರು ಬಿಲ್ಡಿಂಗಿನ ಮುದುಕಿ ಇದನ್ನೆಲ್ಲ ಬಾಲ್ಕನಿಯಿಂದ ನೋಡುತ್ತಿದ್ದವಳು ನಡೆಗಾಡಿ ತಳ್ಳಿಕೊಂಡು ಕೆಳಗೆ ಬಂದಳು. ಗಾಡಿಯ ಬುಟ್ಟಿಯಲ್ಲಿ ಆ ಬೆಕ್ಕು. ಮಗಳನ್ನು ಕರೆದು ಇದೇನು ಅಂತ ಕೇಳಿದಳು. ಮಗಳು ಹೇಳಿದಳು: ಯಾರದಾದರೂ ಆಸೆಯ ಕಣ್ಣು ಬಿದ್ದರೆ ಅದನ್ನು ತೆಗೆಯುವುದು.

ಮುದುಕಿ ಬೆಕ್ಕನ್ನು ತೋರಿಸಿ ಏನೋ ಉದ್ದಕ್ಕೆ ಹೇಳಿದಳು.

‘ಏನಂತಾಳ?’

‘ಎರಡು ವರ್ಷದಿಂದ ಇಬ್ಬರು ಗಂಡಸರು ಬಂದು ಬಂದು ಇದನ್ನ ನೋಡ್ಯಾರಂತ. ಬಾಯಿಲೆ ನನ್ನ ಜೋಡಿ ಮಾತು, ಕಣ್ಣು ಮಾತ್ರ ಬೆಕ್ಕಿನ ಮ್ಯಾಲೆ. ನನಗೂ ಸ್ವಲ್ಪ ತೆಗೀರಿ ಅಂತಾಳ.’

ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಬುದ್ಧಿವಂತೆ ಅವಳು. ಆದರೆ ನನ್ನ ಕೈಯಲ್ಲಿ ನಿಂಬೆಹಣ್ಣು ಮುಗಿದಿದ್ದವು, ಉಪ್ಪು ಮೆಣಸಿನಕಾಯಿ ಮೇಲೆ ಮನೆಯಲ್ಲಿ. ಕಣ್ಣು ಬಿದ್ದದ್ದು ಬೆಕ್ಕಿನ ಮೇಲೆ, ಬೆಕ್ಕಿನಿಂದ ಅವಳಿಗೆ. ಹಾಗಾದರೆ ಬೆಕ್ಕಿನಿಂದಲೇ ತೆಗೆದರಾಯಿತು. ಬುಟ್ಟಿಯಿಂದ ಎತ್ತಿ, ‘ನಾಯಿ ಕಣ್ಣು, ನರಿ ಕಣ್ಣು, ಬಾಗಲಕೋಟೆ ಕಣ್ಣು, ಮೈಸೂರು ಕಣ್ಣು’ ಅನ್ನುತ್ತ ಮುದುಕಿಯ ತಲೆಯ ಸುತ್ತ ಮೂರು ಸಲ ನಿವಾಳಿಸಿಬಿಟ್ಟೆ. ಬೆಕ್ಕಿನ ಹೊಟ್ಟೆ ಗಾಳಿಗೆ ಅರಳಿಕೊಂಡಿತು.

ಮುದುಕಿ ಕಣ್ಣು ಮುಚ್ಚಿ ನಿಂತಿದ್ದಳು. ಕಣ್ಣು ಬಿಟ್ಟವಳೇ ನಕ್ಕು ನನ್ನ ಕೆನ್ನೆ ಮುಟ್ಟಿದಳು. ಆಮೇಲೆ ಬೆಕ್ಕನ್ನು ನನ್ನಿಂದ ತೆಗೆದುಕೊಂಡು ಮಗಳ ಕೈಗೆ ಕೊಟ್ಟು, ‘ನಿನ್ನ ಗಂಡನಿಗೆ. ಅವನು ರಟ್ಟು ಚೆನ್ನಾಗಿ ಮಡಿಸುತ್ತಾನೆ’ ಅಂದಳು.

ಎರಡು ವರ್ಷದ ಯುದ್ಧ ಮುಗಿಯಿತು. ಆದರೆ ಮಗಳು ಬೆಕ್ಕನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿ ಹಿಡಿದವಳ ಹಾಗೆ ದೂರ ಮಾಡಿಕೊಂಡು ನನ್ನ ಕಡೆ ನೋಡಿದಳು.

‘ಯವ್ವಾ. ನಿವಾಳಿಸಿದ್ದು ಇದು.’

೬. ಹೊಸ್ತಿಲು

ನಿವಾಳಿಸಿದ ವಸ್ತು ಮತ್ತೆ ಮನೆಯೊಳಗೆ ಬರಬಾರದು. ಮೂರು ದಾರಿ ಕೂಡುವಲ್ಲಿ ಒಗೆಯಬೇಕು, ತಿರುಗಿ ನೋಡಬಾರದು. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು.

ಅಳಿಯ ಸಂಜೆ ಬಂದವನು ಬೆಕ್ಕನ್ನು ನೋಡಿ ಅತ್ತೇಬಿಟ್ಟ. ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರೆ ಮಗಳು ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟು ನಿಂತಿದ್ದಳು.

‘ಅದು ಒಳಗ ಬರೂದಿಲ್ಲ.’

‘ನಾ ಎಂಜಿನಿಯರ್ ಅದೀನಿ. ಇದನ್ನೆಲ್ಲ ನಾ ನಂಬೂದಿಲ್ಲ.’

‘ಬ್ಯಾಡ. ನೀವೂ ಅದೂ ಕೂಡಿ ಕೆಲ್ಲರ್‌ನ್ಯಾಗ ಇರ್ರಿ.’

ಕೆಲ್ಲರ್ ಅಂದರೆ ನೆಲಮಾಳಿಗೆಯ ಉಗ್ರಾಣ. ಅದೂ ಮನೆಯ ಲೆಕ್ಕಕ್ಕೇ ಬರುತ್ತದೆ ಅಂತ ಆಮೇಲೆ ಮಗಳೇ ತೀರ್ಪು ಕೊಟ್ಟಳು. ಕಾರಿನಲ್ಲಿ ಇಡೋಣ ಅಂದರೆ ಅದಕ್ಕೆ ಅಂದೇ ಪೂಜೆ ಆಗಿದೆ. ಕಂಪ್ಯೂಟರಿನಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ, ಆದರೆ ಇಂಥದ್ದರಲ್ಲಿ ಅವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. ಇಷ್ಟಕ್ಕೂ ಅವಳಿಗೆ ದೃಷ್ಟಿಗಿಂತ ಕಸದ ಸಿಟ್ಟೇ ಹೆಚ್ಚಿತ್ತು ಅನ್ನುವುದು ನನ್ನ ಅಂದಾಜು.

ಬೆಕ್ಕು ಸೈಕಲ್ ನಿಲ್ಲಿಸುವ ಷೆಡ್ಡಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತು. ಅಳಿಯನಿಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಮಳೆ ಹನಿ ಬಿದ್ದರೆ ಕೆಳಗೆ ಓಡುತ್ತಾನೆ, ಗಾಳಿ ಬೀಸಿದರೆ ಕೆಳಗೆ ಓಡುತ್ತಾನೆ. ಕಡೆಗೆ ಒಂದು ಉಪಾಯ ಹೂಡಿದ. ಮೈಸೂರಿನವನ ಹತ್ತಿರ ಚಂದ್ರನ ಮೇಲೆ ಕೂತ ಕಾಗದದ ಮಾಟಗಾತಿ ಇತ್ತು. ಬೆಕ್ಕು ಕೊಟ್ಟು ಮಾಟಗಾತಿ ತರುವುದು. ಅದನ್ನು ಯಾರೂ ನಿವಾಳಿಸಿಲ್ಲ.

ನನ್ನನ್ನು ಬಾಲ್ಕನಿಗೆ ಕರೆದ. ‘ಅತ್ತೀ, ನಿಮ್ಮ ಕಾಲಿಗೆ ಬೀಳ್ತೀನಿ. ಶನಿವಾರ ಅದಲಿ ಬದಲಿ ಆಗೂ ತನಕ ನಿವಾಳಿಸಿದ ಸುದ್ದಿ ಬಾಯಿ ಬಿಡಬ್ಯಾಡ್ರಿ.’

ಬಾಯಿ ಬಿಡುವುದಿಲ್ಲ ಅಂದೆ. ಹೇಳಿದ್ದು ಸುಲಭ. ಆಮೇಲಿನ ದಿನಗಳು ನನ್ನ ವೈರಿಗೂ ಬೇಡ. ಇಂಥಾ ಸುದ್ದಿ ನನ್ನ ಆಯುಷ್ಯದಲ್ಲೇ ಸಿಕ್ಕಿರಲಿಲ್ಲ, ಅದನ್ನು ನುಂಗಿಕೊಂಡು ಕೂರಬೇಕು! ಹೊಟ್ಟೆ ಉಬ್ಬಿತು. ನಿದ್ದೆ ಹತ್ತಲಿಲ್ಲ. ಫೋನು ಬಡಿದರೆ ಎತ್ತಲು ಹೆದರಿಕೆ. ತಡೆಯಲಾರದೆ ಗೋಡೆಯ ಮೇಲಿನ ಕುಂಕುಮದ ದೆವ್ವಕ್ಕೆ ಎಲ್ಲವನ್ನೂ ಹೇಳಿಕೊಂಡೆ. ಅದು ನಾಲಿಗೆ ಚಾಚಿಕೊಂಡೇ ಕೇಳಿತು.

ಶನಿವಾರ ಮೈಸೂರಿನವನು ಹೆಂಡತಿಯ ಜೊತೆ ಬಂದ. ಕೆಳಗೆ ಗಂಡಸರ ಅದಲಿ ಬದಲಿ, ಮೇಲೆ ಹೆಂಗಸರ ಚಹಾ. ಆ ಹುಡುಗಿ ಒಳ್ಳೆಯವಳು.

‘ಅಮ್ಮ, ಅಷ್ಟು ಚೆನ್ನಾಗಿರೋ ಬೆಕ್ಕನ್ನ ಯಾಕ್ ಕೊಟ್ಬಿಡ್ತಿದಾರೆ ನಿಮ್ಮಳಿಯ?’

ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ದೊಡ್ಡ ಮುಷ್ಟಿ ಚುರುಮುರಿ ಬಾಯಿಗೆ ತುಂಬಿಕೊಂಡೆ. ಆಕೆ ಮತ್ತೆ ಕೇಳಿದಳು. ನಾನು ಮತ್ತೆ ತುಂಬಿಕೊಂಡೆ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಅವರು ಎದ್ದರು. ಬಾಲ್ಕನಿಯಿಂದ ನೋಡಿದೆ. ಕಾರು ತಿರುವಿನಲ್ಲಿ ಮರೆಯಾಯಿತು. ಅಳಿಯ ಮಾಟಗಾತಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ.

ಈಗ ಹೇಳ್ರಿ, ಅವನು ನನ್ನಿಂದ ಮಾತು ತೆಗೆದುಕೊಂಡದ್ದು ಅದಲಿ ಬದಲಿ ಆಗುವ ತನಕ. ಆಯಿತಲ್ಲ? ಫೋನು ಎತ್ತಿದೆ.

‘ಎಲ್ಲಿದೀರಿ ತಂಗಿ, ಹೈವೇ ಹತ್ತಿದ್ರೇನು?’

‘ಇನ್ನೂ ಇಲ್ಲ ಅಮ್ಮ. ಏನಾದ್ರೂ ಮರ್ತ್ ಬಂದ್ವಾ?’

‘ಇಲ್ಲವಾ. ಆ ಬೆಕ್ಕು ಎಲ್ಲೈತಿ?’

‘ನನ್ ತೊಡೆ ಮೇಲಿದೆ.’

‘ಅಯ್ಯ, ತೊಡಿ ಮ್ಯಾಲ ಇಟ್ಕೋಬ್ಯಾಡ. ನಿವಾಳಿಸಿದ್ದದು.’

ಫೋನಿನಿಂದ ಬಂದ ಕೂಗು ನಮ್ಮ ಅಡಿಗೆಮನೆಯ ತನಕ ಕೇಳಿಸಿತು. ‘ರೀ! ಗಾಡಿ ತಿರುಗ್ಸಿ!’

೭. ಬೇಡವಾದ ಬೆಕ್ಕು

ಚಹಾದ ಕಪ್ಪು ತೊಳೆದಿಡುವುದರೊಳಗೆ ಕಾರು ವಾಪಸು ಬಂತು. ಪಾರ್ಕಿಂಗಿನಲ್ಲಿ ಇಬ್ಬರೂ ಗಂಡಸರು ಎದುರುಬದುರು. ಎರಡು ವರ್ಷ ಯಾವ ಬೆಕ್ಕಿಗಾಗಿ ಕಸ ಹೊತ್ತರೋ ಅದೇ ಬೆಕ್ಕನ್ನು ಈಗ ಒಬ್ಬರ ಎದೆಗೊಬ್ಬರು ಒತ್ತುತ್ತಿದ್ದಾರೆ.

‘ತಗೊಳ್ಳಿ ಸಾರ್, ನಿಮ್ದೇ ಇದು.’

‘ಇಲ್ರಿ ಸರ್, ಕೊಟ್ಟದ್ದು ನಾ ಹೊಳ್ಳಿ ತಗೊಳ್ಳಾಂಗಿಲ್ಲ.’

‘ಮೊದ್ಲೇ ಹೇಳ್ಬೋದಿತ್ತಲ್ವಾ ಸಾರ್!’

‘ನೀವು ನಂಬೂದಿಲ್ಲ ಅಂತ ತಿಳಕೊಂಡಿದ್ನಿರಿ.’

‘ನಾನ್ ನಂಬಲ್ಲ ಸಾರ್. ನಮ್ಮನೆಯವ್ರು ಕಾರೊಳಗೆ ಕೂರಲ್ಲ ಅಂತಿದಾರೆ.’

ನಿಜವೇ. ಆ ಹುಡುಗಿ ಕಾರಿನ ಹೊರಗೆ ನಿಂತು ತೊಡೆಯ ಮೇಲಿನ ಸೀರೆ ಕೊಡವಿಕೊಳ್ಳುತ್ತಿದ್ದಳು. ನಮ್ಮ ಬಾಲ್ಕನಿಯಿಂದ ಮಗಳು ಕೈಕಟ್ಟಿ ನೋಡುತ್ತಿದ್ದಳು. ಅಳಿಯ ಒಮ್ಮೆ ಮೇಲೆ ನೋಡಿದ, ಅವಳನ್ನಲ್ಲ, ನನ್ನನ್ನು. ನಾನು ಒಣಗಿದ ಬಟ್ಟೆಯ ಹಿಂದೆ ಸರಿದೆ.

ಅಂದೇ ಮುದುಕಿ ಆಲ್ಟರ್ಸ್‌ಹೈಮ್‌ಗೆ ಹೊರಟ ದಿನ. ರಟ್ಟಿನ ಪೆಟ್ಟಿಗೆಗಳ ನಡುವೆ ನಡೆಗಾಡಿ ನಿಲ್ಲಿಸಿಕೊಂಡು ಬಾಗಿಲಲ್ಲಿ ವ್ಯಾನು ಕಾಯುತ್ತಿದ್ದವಳು ಇದನ್ನೆಲ್ಲ ನೋಡಿ ಹತ್ತಿರ ಬಂದಳು. ಏನಾಯಿತು, ನನ್ನ ಬೆಕ್ಕು ಯಾರಿಗೂ ಬೇಡವೇ ಅಂತ ಕೇಳಿದಳು. ಮಗಳು ಕೆಳಗಿಳಿದು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಮುದುಕಿ ನಕ್ಕಳು ನೋಡ್ರಿ! ನಗುತ್ತ ನಗುತ್ತ ನಿಲ್ಲಲಾರದೆ ನಡೆಗಾಡಿಯ ಮೇಲೇ ಕೂತಳು. ಬೆಕ್ಕನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ಯಾವ ಹೊಸ್ತಿಲೂ ಅಡ್ಡ ಬರಲಿಲ್ಲ.

ಮಾಟಗಾತಿ ಮೈಸೂರಿನವನಿಗೆ ವಾಪಸು ಹೋಯಿತು. ಅಳಿಯ ನನ್ನ ಜೊತೆ ಮಾತು ಬಿಟ್ಟ. ಆದರೆ ಮುಂದಿನ ಶನಿವಾರ ಆ ಇಬ್ಬರೂ ಹೂವು ಕೂಖೆನ್ ಹಿಡಿದು ಆಲ್ಟರ್ಸ್‌ಹೈಮ್‌ಗೆ ಹೋದರು. ಅದರ ಮುಂದಿನ ಶನಿವಾರವೂ ಹೋದರು. ಬೆಕ್ಕು ಅಲ್ಲಿ ಅವಳ ಕಿಟಕಿಗೆ ತೂಗುತ್ತಿತ್ತು. ಮನೆಗೆ ತರುವಂತಿಲ್ಲ, ನೋಡದೆ ಇರುವಂತಿಲ್ಲ. ಬೇರೆ ಮುದುಕಿಯರಿಗೆ ಹೆತ್ತ ಮಕ್ಕಳು ಕ್ರಿಸ್‌ಮಸ್ಸಿಗೆ ಬಂದರೆ ಹೆಚ್ಚು, ಇವಳಿಗೆ ವಾರ ವಾರ ಇಬ್ಬರು. ‘ನೋಡೋಣ’ ಅನ್ನುವುದನ್ನೂ ಮತ್ತೆ ಶುರು ಮಾಡಿದ್ದಾಳೆ.

೮. ನನ್ನ ಕೈಗುಣ

ಒಂದು ಶನಿವಾರ ಮುದುಕಿ ನನ್ನನ್ನೂ ಕರೆಸಿದಳು. ಮಗಳ ಜೊತೆ ಹೋದೆ. ದೊಡ್ಡ ಹಾಲಿನಲ್ಲಿ ಮುದುಕ ಮುದುಕಿಯರೆಲ್ಲ ಕಾಫಿ ಕುಡಿಯುತ್ತ ಕೂತಿದ್ದರು. ನಾನು ಕಾಲಿಟ್ಟದ್ದೇ ತಡ, ಎಲ್ಲರ ಕತ್ತೂ ನನ್ನ ಕಡೆ ತಿರುಗಿದವು. ಬೆಕ್ಕಿನ ಕಥೆ ಪೂರ್ತಿ ಹಾಲಿಗೆ ಗೊತ್ತಾಗಿತ್ತು. ಈ ಮುದುಕಿಯ ಬಾಯಿ ನನ್ನದಕ್ಕಿಂತ ಒಂದು ಕೈ ಮೇಲು. ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು.

ತುಟಿಗೆ ಬಣ್ಣ ಹಚ್ಚಿದ ಒಬ್ಬ ಅಜ್ಜಿ ಕೈ ಎತ್ತಿ ಏನೋ ಕೇಳಿದಳು.

‘ಯವ್ವಾ, ನಿವಾಳಿಸಿದ್ದು ಮತ್ತ ಮನಿಯೊಳಗ ಬರೂದಿಲ್ಲ ಅನ್ನೂದು ಖರೇ ಏನು ಅಂತ ಕೇಳಾಕತ್ತಾಳ.’

‘ಖರೇ ಅನ್ನು.’

ಅಜ್ಜಿ ಪಕ್ಕದಲ್ಲಿ ಕೇಕು ತಿನ್ನುತ್ತಿದ್ದ ಗಂಡನ ತೋಳು ಹಿಡಿದು ಎಬ್ಬಿಸಿ ನನ್ನ ಮುಂದೆ ತಂದು ನಿಲ್ಲಿಸಿದಳು. ಒಂದು ಕ್ವಿಂಟಲ್ ಆಳು. ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

‘ಏನಂತಾಳ, ಲಗೂ ಹೇಳ.’

‘ಹಂಗಾರ ಇವನ್ನ ನನಗ ನಿವಾಳಿಸಿ ಕೊಡ್ರಿ ಅಂತಾಳ.’

ಬೆಕ್ಕಾದರೆ ಎತ್ತಿ ತಿರುಗಿಸಬಹುದು. ಈ ದೇಹವನ್ನು ನಾನು ಎಲ್ಲಿಂದ ಎತ್ತಲಿ? ‘ನಡೀಲಿ’ ಅಂದೆ. ಮುದುಕನಿಗೆ ಏನು ತಿಳಿಯಿತೋ, ಏನೋ ದೊಡ್ಡ ಮರ್ಯಾದೆ ಅಂದುಕೊಂಡು ತಟ್ಟೆ ಕೆಳಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಹೆಂಡತಿಯ ಕುರ್ಚಿಯ ಸುತ್ತ ನಿಧಾನವಾಗಿ ಮೂರು ಸುತ್ತು ಬಂದ. ನಾನು ನಾಯಿ ಕಣ್ಣು ನರಿ ಕಣ್ಣು ಎಲ್ಲ ಅಂದೆ. ಹಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಗಂಭೀರವಾಗಿ ಬಾಗಿಲ ಕಡೆ ಬೆರಳು ತೋರಿಸಿದಳು. ಮುದುಕ ಎಲ್ಲರಿಗೂ ತಲೆಬಾಗಿ ಹೊರಗೆ ನಡೆದ. ಅಜ್ಜಿ ಸಮಾಧಾನದ ಉಸಿರು ಬಿಟ್ಟು ಕಾಫಿ ಎತ್ತಿಕೊಂಡಳು.

ಎರಡು ಗುಟುಕು ಕುಡಿದಿರಬೇಕು, ಬಾಗಿಲು ತೆರೆಯಿತು. ಅರ್ಧ ತಿಂದ ಕೇಕು ನೆನಪಾಗಿ ಮುದುಕ ತಿರುಗಿ ಬಂದು ತನ್ನ ಜಾಗದಲ್ಲೇ ಕೂತ.

ಅಜ್ಜಿ ಕಪ್ಪು ಕೆಳಗಿಟ್ಟು ನನ್ನನ್ನು ಗುರಾಯಿಸಿದಳು. ಆಗ ನಮ್ಮ ಮುದುಕಿ ಬೆಕ್ಕು ತೂಗುವ ತನ್ನ ಕೋಣೆಯ ಕಡೆ ತೋರಿಸಿ ಅವಳಿಗೆ ಏನೋ ಸಮಾಧಾನ ಹೇಳಿದಳು. ಇಡೀ ಹಾಲು ಬಿದ್ದು ಬಿದ್ದು ನಕ್ಕಿತು.

‘ಏನಂದ್ಳ?’

‘ಈಕಿ ನಿವಾಳಿಸಿದ್ದೆಲ್ಲ ಹೊಳ್ಳಿ ಬರತೈತಿ, ನನ್ನ ಬೆಕ್ಕೂ ಬಂತಲ್ಲ, ಮೊದಲ ನನ್ನ ಕೇಳಬೇಕಿತ್ತು ಅಂದ್ಳು.’